ಗಂಜಲವು ನುಡಿಯುವ ಸತ್ಯ
(ಗುತ್ತೂರಿನ ಭಕ್ತಸಭೆಯಲ್ಲಿ ಮಾಡಿದ ಭಾಷಣ)



ನಾವು ಹಣೆಯಲ್ಲಿ ಧರಿಸುವ ವಿಭೂತಿಯು ಗೋಮಯದಿಂದಾದುದು. ಆದುದರಿಂದ ಗೋವಿಗೆ ಕೈಮುಗಿಯುವುದು ನಮಗೆ ಸಹಜವೇ ಸರಿ. ಆದರೆ ಕೈಮುಗಿದ ಮಾತ್ರಕ್ಕೆ ಅದರ ನೋವು ನಮಗೆ ತಿಳಿಯುವುದೆ? ಹಾಲಿನ ಸಂಘದಲ್ಲಿ ಹಾಲಿನ ಜಿಡ್ಡನ್ನು ಯಂತ್ರದಿಂದ ಅಳೆಯಿಸುವೆವು. ಹಾಲು ಕೊಟ್ಟ ತಾಯಿಯ ದೇಹಸ್ಥಿತಿಯನ್ನು ಅಳೆಯಿಸುವ ಗೋಜಿಗೆ ಹೋಗೆವು. ಇದು ದಯೆಯ ಲಕ್ಷಣವಲ್ಲ.

ಹೆಚ್ಚು ಹಾಲು ಕೊಡುವ ಹಸುವಿಗೆ, ಈದ ಕೆಲವು ವಾರಗಳಲ್ಲಿ, ತಿಂದ ಮೇವಿನ ಶಕ್ತಿಯು ಸಾಲದೆ ಹೋಗುವುದುಂಟು. ಆಗ ಅದು ತನ್ನ ಮೈಯ ಕೊಬ್ಬನ್ನೇ ಕರಗಿಸಿ ನಮಗೆ ಹಾಲೆರೆಯುವುದು. ಕೊಬ್ಬು ಮಿತಿಮೀರಿ ಕರಗಿದರೆ ಕೀಟೋನ್ ಎಂಬ ದ್ರವ್ಯಗಳು ಹುಟ್ಟಿ, ರಕ್ತದಲ್ಲಿ ಸೇರಿ, ಗಂಜಲದಲ್ಲಿಯೂ ಹರಿಯುವುವು. ಹಸು ಹಿಂಡಿಯನ್ನು ಬಿಟ್ಟು ಹಾಲಿಳಿದ ಮೇಲೆ ನಾವು ದೃಷ್ಟಿ ತಾಗಿತೆಂದು ನಿವಾಳಿಸುವೆವು. ಗಂಜಲವಾದರೋ ಅದಕ್ಕೂ ಮುಂಚೆಯೇ ಸತ್ಯವನ್ನು ನುಡಿದಿರುವುದು, ಕೇಳುವವರಿಲ್ಲ, ಅಷ್ಟೆ.

ಪಶುವೈದ್ಯರು ರೊಥೆರಾ ಪರೀಕ್ಷೆಯಿಂದ ಇದನ್ನು ಕಂಡುಕೊಳ್ಳುವರು. ಗಂಜಲವು ನೇರಳೆ ಬಣ್ಣಕ್ಕೆ ತಿರುಗಿದರೆ ಕೀಟೋನು ಉಂಟೆಂದರ್ಥ. ಬಣ್ಣವು “ಉಂಟು, ಇಲ್ಲ” ಎನ್ನಬಲ್ಲುದು. “ಇಷ್ಟೇ” ಎಂದು ಖಚಿತವಾಗಿ ಹೇಳಲಾರದು. ಆ ಕೊರತೆಯನ್ನು ನೀಗಿಸತಕ್ಕುದು ವಿದ್ಯುನ್ಮಾನ ಸಂವೇದಕ.

ಅದರ ಬಗೆಯನ್ನು ಯೂರಿಯಾದ ಉದಾಹರಣೆಯಿಂದ ತಿಳಿಯಬಹುದು. ಸಂವೇದಕದ ತುದಿಯಲ್ಲಿ ಯೂರಿಯೇಸ್ ಎಂಬ ಕಿಣ್ವದ ತೆಳುಪದರವಿರುವುದು. ಅಮೆರಿಕದ ಜೇಮ್ಸ್ ಸಮ್ನರ್ ಎಂಬವರು 1926ರಲ್ಲಿ ಅವರೆಯ ಬಳಗದ ಒಂದು ಕಾಳಿನಿಂದ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಈ ಕಿಣ್ವವು ಯೂರಿಯಾವನ್ನೊಡೆದು ಅಮೋನಿಯವನ್ನುಂಟುಮಾಡಲು, ವಿದ್ಯುದಗ್ರದ ವಿಭವವು ಬದಲಾಗುವುದು. ಆ ಬದಲಾವಣೆಯೇ ಅಂಕಿಯಾಗಿ ತೋರುವುದು. ಇಂಥ ವಿದ್ಯುದಗ್ರವನ್ನು ಗಿಲ್ಬೋ ಮತ್ತು ಮಾಂಟಾಲ್ವೊ 1969ರಲ್ಲಿಯೇ ಪ್ರಕಟಿಸಿದರು. ಯೂರಿಯಾ ಅತಿಯಾಗಿದ್ದರೆ, ಮೇವಿನ ಶಕ್ತಿಗೆ ಮೀರಿ ಸಸಾರಜನಕವನ್ನು ತಿನ್ನಿಸಿದ ಸೂಚನೆಯಾಗಬಹುದು. ಬಡವನು ಹಿಂಡಿಗೆ ತೆತ್ತ ಹಣವು ಗಂಜಲವಾಗಿ ಹರಿದುಹೋಯಿತೆಂದೇ ತಿಳಿಯಿರಿ.

ಯಂತ್ರವೆಂದು ಕಣ್ಮುಚ್ಚಿ ನಂಬತಕ್ಕದ್ದಲ್ಲ. ಹಸು ಹೆಚ್ಚು ನೀರು ಕುಡಿದರೆ ಗಂಜಲವು ತಿಳಿಯಾಗಿ ಅಂಕಿಯು ತಗ್ಗುವುದು. ಅದಕ್ಕಾಗಿ ಕ್ರಿಯಾಟಿನಿನ್ ಎಂಬ ದ್ರವ್ಯದೊಡನೆ ಹೋಲಿಸಿ ಲೆಕ್ಕ ಹಾಕುವರು. ಕಿಣ್ವವು ಬಿಸಿಲಿಗೆ ಬಲಗುಂದುವುದು. ವರ್ತಕನು ತಕ್ಕಡಿಯನ್ನು ಸರಿನೋಡುವಂತೆ, ಪ್ರಮಾಣವರಿತ ದ್ರಾವಣದಿಂದ ಇದನ್ನೂ ಆಗಾಗ್ಗೆ ಸರಿನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ನವಕಾಂತ ಭಟ್ಟರ ತಂಡವು ಮನುಷ್ಯರ ಮೂತ್ರದಲ್ಲಿನ ಆಲ್ಬುಮಿನ್ನನ್ನು ಅಳೆಯುವ ಕೈಯುಪಕರಣವನ್ನು ರೂಪಿಸಿದೆ. ಅದೇ ವಿದ್ಯೆಯು ತುಂಗಭದ್ರೆಯ ದಂಡೆಯ ಕೊಟ್ಟಿಗೆಗಳಿಗೂ ಇಳಿದು ಬರಲಿ. ಮಠದ ನೆರಳಿನಲ್ಲಿ ಓದಿದ ತರುಣರು ಇದನ್ನೇ ಕಾಯಕವೆಂದು ಕೈಕೊಳ್ಳಲಿ. ಉಳ್ಳವರು ಊರ ಹಾಲಿನ ಸಂಘಕ್ಕೊಂದು ಉಪಕರಣವನ್ನು ದಾಸೋಹವಾಗಿ ಸಲ್ಲಿಸಲಿ. ಅಲ್ಲಿಯವರೆಗೆ, ಈದ ಹಸುವಿನ ಗಂಜಲವನ್ನು ಪಶುವೈದ್ಯರಲ್ಲಿ ಪರೀಕ್ಷಿಸಿಕೊಳ್ಳುವುದಕ್ಕೆ ಅಡ್ಡಿಯೇನು? ಮೂಕಪ್ರಾಣಿಯ ಮಾತನ್ನು ಕೇಳಿಸಿಕೊಳ್ಳುವುದೂ ಶಿವಪೂಜೆಯೇ.