ಬಿಚ್ಚುವ ಮುನ್ನ ಒಂದು ಇಣುಕು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಭಟ್ಕಳದ ಮಾವಿನಕುರ್ವೆಯಂಥ ಬಂದರುಗಳಲ್ಲಿ ದುರಸ್ತಿಗೆ ಸಿಗುವ ಬಿಡುವೂ ಇದೇ. ಬಲೆ ಹರಿದದ್ದು, ಬಣ್ಣ ಹೋದದ್ದು ನೋಡಿದವರಿಗೆಲ್ಲ ಕಾಣುತ್ತದೆ. ಇಂಜಿನ್ನಿನ ಒಳಗು ಕಾಣುವುದಿಲ್ಲ. ನೋಡಲೆಂದು ಸಿಲಿಂಡರುಗಳ ಮೇಲಿನ ಹೆಡ್ ಇಳಿಸಿದರೆ ಹೊಸ ಗ್ಯಾಸ್ಕೆಟ್ ಬೇಕು, ಬೋಲ್ಟುಗಳನ್ನು ಮತ್ತೆ ಲೆಕ್ಕದಂತೆ ಬಿಗಿಯಬೇಕು, ಸರಿಯಾಗಿದ್ದದ್ದೂ ಕೈಯಾಡಿಸಿದ್ದರಿಂದ ಕೆಡಬಹುದು. ಇಳಿಸದಿದ್ದರೆ ಆಗಸ್ಟಿನಲ್ಲಿ ನಡುಕಡಲಲ್ಲಿ ನಿಂತುಬಿಡುವ ಭಯ. ಈ ಇಕ್ಕಟ್ಟಿನಲ್ಲಿ ನೆರವಿಗೆ ಬರುವುದು ಬೋರ್‌ಸ್ಕೋಪ್. ಅದು ಬಿಚ್ಚುವ ಕೆಲಸವನ್ನು ತಪ್ಪಿಸಿಬಿಡುತ್ತದೆ ಎಂದು ಮಾರುವವರು ಹೇಳುತ್ತಾರೆ. ನನ್ನ ಪ್ರಕಾರ ಅದರ ನಿಜವಾದ ಉಪಯೋಗ ಬೇರೆ: ಬಿಚ್ಚಬೇಕೋ ಬೇಡವೋ, ಬಿಚ್ಚುವುದಾದರೆ ಎಲ್ಲಿ ಎಂಬುದನ್ನು ಅದು ಮೊದಲೇ ತಿಳಿಸುತ್ತದೆ.

ಡೀಸೆಲ್ ಇಂಜಿನ್ನಿನ ನಾಜಲ್ ಕಳಚಿದರೆ ಅಲ್ಲೊಂದು ಕಿರುರಂಧ್ರ. ಅದರೊಳಗೆ ಬೋರ್‌ಸ್ಕೋಪನ್ನು, ಅಂದರೆ ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ತೆಳು ಕೇಬಲನ್ನು ಇಳಿಸಿದರೆ ಸಿಲಿಂಡರಿನ ಒಳಗವಚವಾದ ಲೈನರಿನ ಗೋಡೆ ಕಾಣುತ್ತದೆ. ಹೊಸ ಲೈನರಿನಲ್ಲಿ ಓರೆಯಾಗಿ ಒಂದನ್ನೊಂದು ಕತ್ತರಿಸುವ ನವಿರು ಗೆರೆಗಳಿರುತ್ತವೆ. ಎಣ್ಣೆ ನಿಲ್ಲುವುದು ಅವುಗಳಲ್ಲೇ. ಆ ಗೆರೆಗಳು ಅಳಿಸಿ ಗೋಡೆ ಕನ್ನಡಿಯಂತೆ ಹೊಳೆದರೆ ಸವೆತ ಶುರುವಾಗಿದೆ ಎಂದರ್ಥ. ಪಿಸ್ಟನ್ನುಗಳ ತಲೆಗೆಲ್ಲ ಮಸಿ ಹತ್ತಿದ್ದು, ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಖುಷಿಪಡಬೇಡಿ, ಅಲ್ಲಿಗೆ ನೀರು ಸೋರುತ್ತಿರುವ ಅನುಮಾನವಿದೆ.

ಇಂಥ ಇಣುಕುನೋಟ ವೈದ್ಯರಲ್ಲಿ ಹಳೆಯದು. 1868ರಲ್ಲಿ ಜರ್ಮನಿಯ ಕುಸ್‌ಮೌಲ್, ಕತ್ತಿ ನುಂಗುವ ಕಸುಬಿನವನೊಬ್ಬನ ಗಂಟಲಿನ ಮೂಲಕ ನೇರ ಕೊಳವೆ ಇಳಿಸಿ ಹೊಟ್ಟೆ ನೋಡಲು ಹೊರಟರು. ಕೊಳವೆಯೇನೋ ಇಳಿಯಿತು, ಬೆಳಕು ಸಾಲಲಿಲ್ಲ. ಬಗ್ಗುವ ದಾರಿಯಲ್ಲಿ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದವರು ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಕೂದಲಿನಂಥ ಗಾಜಿನ ಎಳೆಗಳಲ್ಲಿ ಬೆಳಕು ಒಳಗೊಳಗೇ ಪ್ರತಿಫಲಿಸುತ್ತ ಮುಂದೆ ಹೋಗುತ್ತದೆ. ಒಂದೊಂದು ಎಳೆ ಚಿತ್ರದ ಒಂದೊಂದು ಚುಕ್ಕೆಯನ್ನು ಹೊರುತ್ತದೆ. ಎರಡೂ ತುದಿಯಲ್ಲಿ ಎಳೆಗಳ ಕ್ರಮ ಒಂದೇ ಇರಬೇಕು, ಇಲ್ಲದಿದ್ದರೆ ಚಿತ್ರ ಚೆಲ್ಲಾಪಿಲ್ಲಿ. 1957ರ ಹೊತ್ತಿಗೆ ಅಮೆರಿಕದಲ್ಲಿ ಹಿರ್ಷೋವಿಟ್ಜ್ ಇದೇ ತತ್ವದಿಂದ ಹೊಟ್ಟೆಯ ಒಳಗನ್ನು ನೋಡಿದರು. ಈಗ ಪುಟ್ಟ ಕ್ಯಾಮೆರಾ ತುದಿಯಲ್ಲೇ ಕೂತಿರುತ್ತದೆ, ಚಿತ್ರ ಮೊಬೈಲಿಗೆ ಬರುತ್ತದೆ.

ನೋಟ ತೀರ್ಮಾನವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತಲೆಕೆಳಗಾಗಿ ಕೊಳವೆಬಾವಿಗೆ ಬಿತ್ತು. ಒಳಗಿಳಿಸಿದ ಕ್ಯಾಮೆರಾದಲ್ಲಿ ಕಾಲು ಅಲುಗಾಡುವುದು ಕಂಡಿತು. ಪಕ್ಕದಲ್ಲಿ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಸುರಂಗ ಕೊರೆದು ಮರುದಿನ ಮಗುವನ್ನು ಜೀವಂತವಾಗಿ ಎತ್ತಿದರು. ಎತ್ತಿದ್ದು ಅಗೆದ ಕೈಗಳು, ನಿಜ; ಮಗು ಬದುಕಿದೆ, ಇಂಥಲ್ಲಿ ಸಿಕ್ಕಿಕೊಂಡಿದೆ ಎಂದು ಅಗೆಯುವವರಿಗೆ ತೋರಿಸಿದ್ದು ಕ್ಯಾಮೆರಾ.

ಅನುಭವಿ ಮಿಸ್ತ್ರಿಗೆ ಕಿವಿಯೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆಯೆಂದು ಮಿಸ್ತ್ರಿಗಳಿಗೆ ಗೊತ್ತು. ಒಂದೊಂದೇ ನಾಜಲಿನ ಪೈಪು ಸಡಿಲಿಸಿ, ಕೆಟ್ಟ ಸಿಲಿಂಡರ್ ಯಾವುದೆಂದೂ ಹಿಡಿಯುತ್ತಾರೆ. ಆದರೆ ಕಾರಣ ರಿಂಗೋ, ವಾಲ್ವೋ, ಗ್ಯಾಸ್ಕೆಟ್ಟೋ ಎಂಬುದು ಅಲ್ಲಿಗೂ ಊಹೆಯೇ. ಚಿತ್ರವೂ ಮೋಸ ಮಾಡುತ್ತದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಸೂರಕ್ಕೆ ತೀರ ಹತ್ತಿರವಿದ್ದರೆ ಕೂದಲಗಲದ ಗೀರೂ ಕಾಲುವೆಯಂತೆ ಕಾಣುತ್ತದೆ, ಎಣ್ಣೆ ಹತ್ತಿದ ಲೋಹ ದೀಪಕ್ಕೆ ಮಿಂಚಿ ಬಿರುಕಿನ ಭ್ರಮೆ ಹುಟ್ಟಿಸುತ್ತದೆ. ದೀಪ ತಗ್ಗಿಸಿ, ಕೋನ ಬದಲಿಸಿ ಮತ್ತೆ ನೋಡಬೇಕು. ದಪ್ಪ ಗೊತ್ತಿರುವ ತಂತಿಯೊಂದನ್ನು ಪಕ್ಕಕ್ಕೆ ಹಿಡಿದು ಅಳತೆ ಅಂದಾಜಿಸಬೇಕು. ಲೋಹದ ಒಡಲೊಳಗಿನ ಬಿರುಕು, ಬೇರಿಂಗಿನ ಸವೆತ ಹೇಗೂ ಬೋರ್‌ಸ್ಕೋಪಿಗೆ ಕಾಣವು. ಇದ್ದುದರಲ್ಲಿ ಒಳ್ಳೆಯ ಅಭ್ಯಾಸವೆಂದರೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳಗಿಳಿಸಿಕೊಂಡು, ಪ್ರತಿ ಜೂನಿನಲ್ಲೂ ಅದೇ ಸಿಲಿಂಡರುಗಳ ಚಿತ್ರವನ್ನು ಅದೇ ಕ್ರಮದಲ್ಲಿ ತೆಗೆದು, ನಂಬರ್ ಬರೆದಿಟ್ಟುಕೊಳ್ಳುವುದು. ಗೀರು ಹೋದ ವರ್ಷದಷ್ಟೇ ಇದ್ದು, ಇಂಜಿನ್ನಿನ ಶಬ್ದ, ಹೊಗೆಯಲ್ಲೂ ಬದಲಾವಣೆಯಿಲ್ಲದಿದ್ದರೆ, ಈ ಸಲ ಹೆಡ್ ಇಳಿಸಬೇಕಿಲ್ಲ.