ಒಂದು ಹಳೆಯ ಜಾವಾದ ಜೀರ್ಣೋದ್ಧಾರ

(ಮುಂಬಯಿಯಲ್ಲಿ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡಿನ ವೈಭವವನ್ನೋ ಕವಿಗಳ ಮಹಿಮೆಯನ್ನೋ ಹೇಳುವುದು ವಾಡಿಕೆ. ನಾನು ಪಂಡಿತನಲ್ಲ; ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತ ಮೂವತ್ತು ವರ್ಷ ಕಳೆದವನು. ಕಾರ್ಯದರ್ಶಿಗಳು “ನಿಮಗೆ ಗೊತ್ತಿರುವುದನ್ನೇ ಹೇಳಿ, ಸಾಕು” ಎಂದು ಧೈರ್ಯ ಕೊಟ್ಟರು. ನನಗೆ ಈಚೆಗೆ ಚೆನ್ನಾಗಿ ಗೊತ್ತಾಗಿರುವುದು ಒಂದೇ ವಿಷಯ: ನಿಂತುಹೋದ ಹಳೆಯ ಮೋಟಾರ್ ಸೈಕಲನ್ನು ಮತ್ತೆ ಓಡಿಸುವುದು ಹೇಗೆ, ಮತ್ತು ಆ ಕೆಲಸದಲ್ಲಿ ಮೋಸ ಹೋಗುವುದು ಹೇಗೆ ಎಂಬುದು. ಎರಡನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ವಾಹನ ನಮ್ಮ ತಂದೆಯವರದು. 1966ರಲ್ಲಿ ಮೈಸೂರಿನಲ್ಲಿ ಕೊಂಡ ಜಾವಾ. ಅದರ ಕುಲಗೋತ್ರವನ್ನು ಮೊದಲು ಹೇಳಿಬಿಡಬೇಕು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ಆ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ಈ ಗಾಡಿ ನಮ್ಮ ದೇಶಕ್ಕೆ ಮೊದಲು ಆಮದಾಗಿ ಬರುತ್ತಿತ್ತು. ಆಮದಿಗೆ ತಡೆ ಬಿದ್ದ ಮೇಲೆ ಇರಾನಿ ಮನೆತನದವರು ಇಲ್ಲೇ ತಯಾರಿಸುವ ಹಂಚಿಕೆ ಹಾಕಿ ಮೈಸೂರನ್ನು ಆರಿಸಿಕೊಂಡರು. ಇರಾನಿಯವರ ಚಹಾದ ಅಂಗಡಿಗಳನ್ನು ಬಲ್ಲ ಮುಂಬಯಿಯ ನಮಗೆ ಈ ಹೆಸರು ಹೊಸದಲ್ಲ. ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು 1961ರಲ್ಲಿ ಅದನ್ನು ಉದ್ಘಾಟಿಸಿದರು.

ಇನ್ನೊಂದು ಸ್ವಾರಸ್ಯವಿದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೆಚ್ಚುಕಡಮೆ ಅದೇ ಕಾಲಕ್ಕೆ ಮೈಸೂರಿನ ಈ ಗಾಡಿಯೂ ಜಾವಾ ಎಂಬ ಹೆಸರು ಬಿಟ್ಟು ಯೆಜ್ಡಿ ಆಯಿತು. ನಾಡಿಗೂ ಗಾಡಿಗೂ ಒಟ್ಟಿಗೇ ನಾಮಕರಣ! ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದದ್ದುಂಟು. ಅದು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮತ್ತು ಅದರ ಭಾಗ ನಮ್ಮ ಹಳೆಯದಕ್ಕೆ ಕೂಡುವುದಿಲ್ಲ.

ನಮ್ಮ ಗಾಡಿಯ ಕಥೆಗೆ ಬರುತ್ತೇನೆ. ತಂದೆಯವರು ಅದನ್ನು ಕೊನೆಯ ಬಾರಿ ಓಡಿಸಿದ್ದು 1994ರಲ್ಲಿ. ಆಮೇಲೆ ಅದು ಹಿತ್ತಲಿನ ಶೀಟಿನ ಮಾಡಿನ ಕೆಳಗೆ ನಿಂತಿತು. ಅದರ ಮೇಲೆ ಮೊದಲು ಗೋಣಿಚೀಲ ಬಿತ್ತು, ಬಳಿಕ ತೆಂಗಿನ ಗರಿ, ಬಳಿಕ ನಮ್ಮ ಮರೆವು. 2021ರಲ್ಲಿ ಒಂದು ದಿನ ತಂದೆಯವರು ಫೋನಿನಲ್ಲಿ, “ಗುಜರಿಯವನು ಬಂದಿದ್ದಾನಪ್ಪ. ತೂಕಕ್ಕೆ ತಗೋತಾನಂತೆ. ಕೊಟ್ಟುಬಿಡಲೇನೋ?” ಎಂದು ಕೇಳಿದರು. ಅವರಿಗೆ ಆಗ ಎಂಬತ್ತೊಂದು ವರ್ಷ. ಆ ಗಾಡಿಯ ಟ್ಯಾಂಕಿನ ಮೇಲೆ ಕುಳಿತು ಚಾಮುಂಡಿಬೆಟ್ಟ ಹತ್ತಿದವನು ನಾನು. “ಬೇಡ ಅಣ್ಣ, ನಾನೇ ಬಂದು ಸರಿ ಮಾಡಿಸ್ತೀನಿ” ಎಂದುಬಿಟ್ಟೆ. ಹೇಳುವುದು ಸುಲಭವಾಗಿತ್ತು.

ನಾನು ಮಾಡಿದ ಮೊದಲ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಕಣ್ಣಿಗೆ ಕಾಣುವುದನ್ನೆಲ್ಲ ಮೊದಲು ಮಾಡಿಸಿದೆ. ಟ್ಯಾಂಕಿಗೆ ಹೊಸ ಕ್ರೋಮ್, ಮೈಗೆ ಕೆಂಗಂದು ಬಣ್ಣ, ಅದರ ಮೇಲೆ ಚಿನ್ನದ ಗೆರೆ, ಹೊಸ ಸೀಟು, ಹೊಸ ಟೈರು. ಎಂಜಿನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ ಹೊಯ್ದು ಎಂಟು ದಿನ ನೆನೆಯಲು ಬಿಟ್ಟರು; ಪಿಸ್ಟನ್ ಸಡಿಲವಾಯಿತು. ಹೊಸ ಪಿಸ್ಟನ್ ಹಾಕಿಸಿದೆ. ಕೆಲಸ ಮುಗಿಯಿತೆಂದುಕೊಂಡು 2022ರ ಡಿಸೆಂಬರಿನಲ್ಲಿ ನಂಜನಗೂಡಿನ ಕಡೆಗೆ ಹೊರಟೆ. ಊರು ದಾಟಿ ಆರು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಕಿರ್ರೆಂದು ಕೂಗಿ ಹಿಂದಿನ ಚಕ್ರವನ್ನೇ ಹಿಡಿದುಬಿಟ್ಟಿತು. ಹಿಂದೆ ಲಾರಿ ಇರಲಿಲ್ಲ. ಅದರಿಂದಲೇ ಇಂದು ತಮ್ಮ ಮುಂದೆ ಭಾಷಣ ಮಾಡುತ್ತಿದ್ದೇನೆ.

ಆಗ ಒಬ್ಬರು ವೃದ್ಧ ಮೇಸ್ತ್ರಿಗಳು ಸಿಕ್ಕಿದರು. ಯಾದವಗಿರಿಯ ಕಾರ್ಖಾನೆಯಲ್ಲಿಯೇ ಇಪ್ಪತ್ತು ವರ್ಷ ಎಂಜಿನ್ ಜೋಡಿಸಿದ ಕೈ ಅವರದು. ಗಾಡಿಯನ್ನು ಸುತ್ತಿ ನೋಡಿ ಅವರೆಂದರು: “ಸ್ವಾಮಿ, ಇದಕ್ಕೆ ನೀವು ಮದುವೆ ಬಟ್ಟೆ ಉಡಿಸಿದ್ದೀರಿ, ಜ್ವರ ಬಿಡಿಸಿಲ್ಲ.”

ಜ್ವರ ಯಾವುದೆಂದು ಅವರೇ ತಿಳಿಸಿದರು. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. 65 ಮಿಲಿಮೀಟರ್ ಅಗಲದ ಒಂದೇ ಸಿಲಿಂಡರು, ಹೊಗೆ ಹೋಗಲು ಎರಡು ಕೊಳವೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆಯೇ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಆಧಾರ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕಿನ ಗೂಡಿಗೆ ಬಂದು, ಅಲ್ಲಿ ಒತ್ತಲ್ಪಟ್ಟು ಮೇಲಕ್ಕೇರುತ್ತದೆ. ಆದ್ದರಿಂದ ಆ ಗೂಡಿಗೆ ಎಲ್ಲಿಂದಲೂ ಹೊರಗಿನ ಗಾಳಿ ಸೇರಬಾರದು. ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಆಯಿಲ್ ಸೀಲುಗಳೇ ಅದಕ್ಕೆ ಕಾವಲು. ಇಪ್ಪತ್ತೆಂಟು ವರ್ಷ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಹಪ್ಪಳವಾಗಿತ್ತು. ಗಾಳಿ ನುಗ್ಗಿ ಮಿಶ್ರಣ ತೆಳುವಾಯಿತು; ಬೆಂಕಿ ಬಿಸಿಯಾಯಿತು; ಪಿಸ್ಟನ್ ಉಬ್ಬಿ ಸಿಲಿಂಡರನ್ನು ಕಚ್ಚಿತು. ಕ್ರೋಮಿಗೆ ಸುರಿದ ಹಣದ ಮುಂದೆ ಆ ಸೀಲುಗಳ ಬೆಲೆ ಲೆಕ್ಕಕ್ಕೇ ಬಾರದಷ್ಟು. ಅದು ಕಾಣುವುದಿಲ್ಲ; ಆದ್ದರಿಂದ ನಾನು ನೋಡಲಿಲ್ಲ.

ಹಳೆಯ ಗಾಡಿಯ ಭಾಗಗಳನ್ನು ಮೇಸ್ತ್ರಿಗಳು ಮೂರು ಪಂಗಡ ಮಾಡಿದರು. ಈ ಕೆಲಸಕ್ಕೆ ಕೈ ಹಾಕುವ ತರುಣರು ಇದನ್ನು ಗುರುತಿಟ್ಟುಕೊಳ್ಳಬೇಕು. ಮೊದಲನೆಯದು, ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕಾದದ್ದು: ಸೀಲು, ಬೇರಿಂಗು, ವೈರು, ಬ್ರೇಕಿನ ಲೈನಿಂಗು, ಕ್ಲಚ್ಚಿನ ತಂತಿ, ಟೈರು, ಟ್ಯೂಬು. ಎರಡನೆಯದು, ಎಸೆಯದೆ ದುರಸ್ತಿ ಮಾಡಬೇಕಾದದ್ದು. ಸಿಲಿಂಡರು ಸವೆದಿದ್ದರೆ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬಹುದು. ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸಿ ಲೇಥಿನ ಮೇಲೆ ನೆಟ್ಟಗಿದೆಯೇ ಎಂದು ನೋಡಬಹುದು. ಟ್ಯಾಂಕಿನೊಳಗೆ ಹಿಡಿ ನಟ್ಟುಗಳನ್ನು ಹಾಕಿ ಕುಲುಕಿ ತುಕ್ಕು ಉದುರಿಸಬಹುದು. ಮೂರನೆಯದು, ಪ್ರಾಣ ಹೋದರೂ ಬಿಡಬಾರದ್ದು: ನಂಬರು ಕೊರೆದಿರುವ ಚಾಸಿ ಮತ್ತು ಎಂಜಿನ್ನಿನ ಗೂಡು.

ಇನ್ನು ಭಾಗಗಳ ಬೇಟೆ. ಮುಂಬಯಿಯಲ್ಲಿರುವುದರ ಲಾಭ ನನಗೆ ತಿಳಿದದ್ದೇ ಆಗ. ಭಾನುವಾರ ಬಂದರೆ ತರಕಾರಿಯ ಚೀಲದಲ್ಲಿ ಹಳೆಯ ಭಾಗವನ್ನಿಟ್ಟುಕೊಂಡು ಹೊರಡುವೆ. ಕುರ್ಲಾದ ಗುಜರಿ ಸಾಲು, ಆಪೆರಾ ಹೌಸಿನ ಬಿಡಿಭಾಗದ ಅಂಗಡಿಗಳು, ರಜೆ ಸಿಕ್ಕ ಶುಕ್ರವಾರ ಚೋರ್ ಬಜಾರು. ಊರಿಗೆ ಹೋಗುವಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು. ಗ್ರೀಸು ಹತ್ತಿದ ಕಾಗದದಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಿದ್ದ, ಯಾರೂ ಕೇಳದ ಹಳೆಯ ಸರಕು ಹಿರಿಯ ವರ್ತಕರಲ್ಲಿ ಇನ್ನೂ ಉಂಟು. ಆದರೆ ಅದನ್ನು ಇಳಿಸಿ ಕೊಡುವಂತೆ ಅವರ ಮನ ಒಲಿಸಬೇಕು. ಮೂರನೆಯ ಸಲ ಹೋದಾಗ ಚಹಾ, ಐದನೆಯ ಸಲ ಸರಕು!

ಈ ಬೇಟೆಯಲ್ಲಿ ಕಲಿತ ಸೂತ್ರಗಳು ನಾಲ್ಕು. ಹೆಸರು ಹೇಳಿ ಕೇಳಬೇಡಿ. ಹಳೆಯ ಭಾಗವನ್ನೇ ಒಯ್ದು ಪಕ್ಕದಲ್ಲಿಟ್ಟು ಅಳೆಯಿರಿ. ವರ್ಷ ಕಳೆದಂತೆ ಜಾವಾದ ಭಾಗಗಳು ಸೂಕ್ಷ್ಮವಾಗಿ ಬದಲಾಗಿವೆ. ಯೆಜ್ಡಿಯದು ಜಾವಾಕ್ಕೆ ಕೆಲವೆಡೆ ಕೂಡುತ್ತದೆ, ಕೆಲವೆಡೆ ಕೂಡಿದಂತೆ ನಟಿಸುತ್ತದೆ. ಎರಡನೆಯದು, ಹೊಳಪಿಗೆ ಮರುಳಾಗಬೇಡಿ. ಡೂಪ್ಲಿಕೇಟು ಸಾಮಾನ್ಯವಾಗಿ ಹಗುರ, ಎರಕದ ಅಂಚು ಒರಟು. ಮೂರನೆಯದು, ತೂಕದ ಲೆಕ್ಕದಲ್ಲಿ ಕೊಂಡ ಕಾರ್ಬ್ಯುರೇಟರು ಹೊರಗೆ ತೊಳೆದಿರುತ್ತದೆ, ಒಳಗೆ ಸವೆದಿರುತ್ತದೆ. ಬಿಚ್ಚಿ ನೋಡದೆ ಹಣ ಕೊಡಬೇಡಿ. ನಾಲ್ಕನೆಯದು, ಒಬ್ಬರೇ ಅಲೆಯಬೇಡಿ. ಜಾವಾ–ಯೆಜ್ಡಿಯ ಅಭಿಮಾನಿಗಳ ಕೂಟಗಳು ಹಲವು ಊರುಗಳಲ್ಲಿವೆ. ಜುಲೈ ತಿಂಗಳ ಎರಡನೆಯ ಭಾನುವಾರ ಅವರು ಈ ಗಾಡಿಗಳ ದಿನವೆಂದು ಕೂಡುತ್ತಾರೆ. ನನಗೆ ಬೇಕಾಗಿದ್ದ 6 ವೋಲ್ಟಿನ ಡೈನಮೋದ ಸುರುಳಿ ಸಿಕ್ಕಿದ್ದು ಅಂಥ ಒಬ್ಬ ಅಪರಿಚಿತ ಹುಡುಗನಿಂದ. ಬೆಲೆ ಕೇಳಿದರೆ, “ನನ್ನ ಹತ್ತಿರ ಎರಡಿದೆ ಸರ್, ಒಂದು ನಿಮ್ಮದು” ಎಂದ.

ಒಂದು ಪ್ರಲೋಭನೆಯ ಮಾತನ್ನೂ ಹೇಳಬೇಕು. ಎಂಜಿನ್ ಬಿಚ್ಚಿದಾಗ ಗೂಡಿನಲ್ಲಿ ಒಂದು ಬಿರುಕು ಕಂಡಿತು. ಅದೇ ವಾರ ಒಬ್ಬ ವ್ಯಾಪಾರಿ ಇಡೀ ಎಂಜಿನ್ನನ್ನೇ ತೋರಿಸಿದ. ಓಡುವ ಸ್ಥಿತಿ, ಕಡಿಮೆ ಬೆಲೆ. “ನಂಬರ್ ಚಿಂತೆ ಬಿಡಿ ಸಾಬ್, ಉಜ್ಜಿ ನಿಮ್ಮದೇ ಹೊಡೆದು ಕೊಡುತ್ತೇನೆ” ಎಂದ. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಮೇಸ್ತ್ರಿಗಳಿಗೆ ಫೋನು ಮಾಡಿದೆ. “ಉಜ್ಜಿದ ನಂಬರು ಕಳವಿನ ಗುರುತು ಸ್ವಾಮಿ. ಆ ಎಂಜಿನ್ನು ಯಾರ ಮನೆಯದೋ! ಬಿರುಕನ್ನು ನಾನು ಬೆಸುಗೆ ಹಾಕಿಸುತ್ತೇನೆ, ಬನ್ನಿ” ಎಂದರು. ಎರಡು ತಿಂಗಳು ತಡವಾಯಿತು. ಅಲ್ಯೂಮಿನಿಯಂ ಬೆಸುಗೆ ಬಲ್ಲವನೊಬ್ಬ ಸಿಕ್ಕಿದ, ಗೂಡು ಉಳಿಯಿತು.

ನೋಂದಣಿಯ ನವೀಕರಣಕ್ಕೆ ಹೋದಾಗ ಅದರ ಬೆಲೆ ತಿಳಿಯಿತು. ಇನ್‌ಸ್ಪೆಕ್ಟರು ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಂಕಿಗಳನ್ನು ತಂದೆಯವರ ಹಳೆಯ ಆರ್.ಸಿ. ಪುಸ್ತಕದೊಡನೆ ಹೋಲಿಸಿದರು. ಒಂದು ಅಂಕಿಯೂ ತಪ್ಪಲಿಲ್ಲ.

ಗಾಡಿಯನ್ನು ಮುಂಬಯಿಗೆ ತರಲಿಲ್ಲವೇ ಎಂದು ಕೇಳುತ್ತೀರಿ. ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂದು ಕಾನೂನು. ನಮ್ಮದರ ನಂಬರು ಆರಂಭವಾಗುವುದು ‘ಎಂ ವೈ’ ಎಂದು. ಹಳೆಯ ಮೈಸೂರು ರಾಜ್ಯದ ಅಕ್ಷರಗಳು ಅವು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮ ಮಾಡಿತು. ಆದರೆ ಆ ಪಂಗಡಕ್ಕೆ ಸೇರಿಸಿದರೆ ಪ್ರದರ್ಶನಕ್ಕೋ ರ್‍ಯಾಲಿಗೋ ಹೊರತು ನಿತ್ಯ ಓಡಿಸುವಂತಿಲ್ಲ. ತಂದೆಯವರು ಸಂಶಯವಿಲ್ಲದೆ ಹೇಳಿದರು: “ಗಾಡಿ ಇರೋದು ಓಡೋದಕ್ಕೆ. ಇಲ್ಲೇ ಇರಲಿ, ನೀನು ಬಾ.” ಹಾಗಾಗಿ ಅದು ಮೈಸೂರಿನಲ್ಲಿಯೇ ಇದೆ, ಮೊದಲು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದ ನಾನು ಮೂರು ಸಲ ಹೋಗುತ್ತಿದ್ದೇನೆ.

2023ರ ದಸರೆಯ ಆಯುಧಪೂಜೆಯ ದಿನ ಅದನ್ನು ಎರಡನೆಯ ಸಲ ಚಾಲೂ ಮಾಡಿದೆವು. ಜಾವಾದಲ್ಲಿ ಗೇರಿನ ಸಲಾಕೆಯೇ ಕಿಕ್ಕರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ತುಳಿಯಬೇಕು. ನಾನು ನಾಲ್ಕು ಸಲ ತುಳಿದೆ, ಏಳಲಿಲ್ಲ. ಜಗುಲಿಯ ಕುರ್ಚಿಯಲ್ಲಿದ್ದ ತಂದೆಯವರು ಕೋಲೂರಿಕೊಂಡು ಬಂದರು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ, “ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದೀಯೇನೋ?” ಎಂದರು. “ಬೆರೆಸಿದ್ದೀನಿ ಅಣ್ಣ.” “ಹಾಗಾದರೆ ಕಾರ್ಬ್ಯುರೇಟರಿನ ಗುಂಡಿ ಒತ್ತಿ ಸ್ವಲ್ಪ ಪೆಟ್ರೋಲ್ ಉಕ್ಕಿಸು, ಆಮೇಲೆ ತುಳಿ. ಮೆತ್ತಗೆ.” ಹಾಗೆಯೇ ಮಾಡಿದೆ. ಎರಡು ಕೊಳವೆಗಳಲ್ಲೂ ನೀಲಿ ಹೊಗೆ ಬಂತು, ಜೊತೆಗೆ ನಮ್ಮ ಬೀದಿಯವರೆಲ್ಲ ಒಂದು ಕಾಲಕ್ಕೆ ಬಲ್ಲ ಆ ಡಬಡಬ ಸದ್ದು. ತಂದೆಯವರು ಟ್ಯಾಂಕಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಏನೂ ಹೇಳಲಿಲ್ಲ. ಎಂಜಿನ್ ಬಿಸಿಯಾಗುವವರೆಗೂ ಕೈ ತೆಗೆಯಲಿಲ್ಲ.

ಮಹನೀಯರೇ, ಮಾತು ಮುಗಿಸುತ್ತೇನೆ. ಇಂದು ಸಭಾಂಗಣಕ್ಕೆ ತೋರಣ ಕಟ್ಟಿದ್ದೇವೆ, ಬಾವುಟ ಏರಿಸಿದ್ದೇವೆ. ಅದು ಬೇಕು, ಕ್ರೋಮಿಲ್ಲದ ಜಾವಾ ಜಾವಾವೇ ಅಲ್ಲ. ಆದರೆ ಹೊರಗಣ ಹೊಳಪಿನಿಂದ ಆರು ಮೈಲಿ ಮಾತ್ರ ಹೋಗಬಹುದೆಂದು ನಾನು ನಂಜನಗೂಡಿನ ದಾರಿಯಲ್ಲಿ ಕಲಿತೆ. ಒಳಗಿನ ಸೀಲು, ಅಂದರೆ ಮನೆಯಲ್ಲಿ ಮಕ್ಕಳೊಡನೆ ಆಡುವ ಕನ್ನಡ, ಒಣಗದಂತೆ ನೋಡಿಕೊಳ್ಳುವುದು ಅಗ್ಗದ ಕೆಲಸ, ಕಾಣದ ಕೆಲಸ. ತಮ್ಮ ಊರಿನ ಹಿತ್ತಿಲಲ್ಲಿಯೂ ಗೋಣಿಚೀಲದ ಕೆಳಗೆ ಏನಾದರೊಂದು ನಿಂತಿರಬಹುದು. ಗುಜರಿಯವನು ಬರುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಅದನ್ನು ಬಲ್ಲ ಹಿರಿಯರು ಇರುವಾಗಲೇ ಹೋಗಿ. ಬಿಡಿಭಾಗ ಹೇಗಾದರೂ ಸಿಕ್ಕೀತು, ಅವರ ಕೈಯ ತಿಳಿವು ಮತ್ತೆ ಸಿಗಲಾರದು.