ಬೋರಿಂಗ್‌ಗೆ ಕೊಡೋ ಮೊದಲು ಸಿಲಿಂಡರ್ ನೋಡ್ರಿ

ಚೇತಕ್ ಅಂದ್ರೆ ನಿಮ್ಮಲ್ಲಿ ಬಹಳ ಮಂದಿಗೆ ಈಗಿನ ಬ್ಯಾಟರಿ ಸ್ಕೂಟರ್ ನೆನಪಾಗ್ತದ. ನಾನು ಹೇಳೋದು 1972ರಲ್ಲಿ ಬಂದ ಹಳೇ ಚೇತಕ್, ಟೂ-ಸ್ಟ್ರೋಕ್ ಗಾಡಿ. ಬೀದರ್, ಭಾಲ್ಕಿ ಕಡೆ ಅಜ್ಜನ ಗಾಡಿ ಅಂತ ಅದನ್ನ ಮತ್ತೆ ರಸ್ತೆಗೆ ಇಳಿಸೋ ಹುಡುಗರು ಇದ್ದಾರ. ಅವರು ನನ್ನ ಗ್ಯಾರೇಜಿಗೆ ತರೋ ದೊಡ್ಡ ದೂರು ಒಂದೇ: ಬೋರಿಂಗ್ ಮಾಡಿಸಿದ್ರೂ ಸಿಲಿಂಡರ್ ಬೇಗ ಸವೀತದ.

ಔರಾದ್ ಕಡೆಯ ಹುಡುಗ ಒಬ್ಬ ಬಂದಿದ್ದ. ಬೋರಿಂಗ್ ಆಗಿ ಎಂಟೇ ತಿಂಗಳು. ಕಿಕ್ ಹೊಡೆದ್ರೆ ಬಿಗಿ ಇಲ್ಲ, ಏರಿನಲ್ಲಿ ಗಾಡಿ ಎಳೆಯಲ್ಲ. “ಆಯಿಲ್ ಕಮ್ಮಿ ಹಾಕೀದಿ, ಮತ್ತೆ ಬೋರಿಂಗ್ ಮಾಡಿಸು ಅಂದ್ರು ಅಣ್ಣಾ” ಅಂದ. ಅವನೋ ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಆಯಿಲ್ ಅಳೆದೇ ಹಾಕ್ತಿದ್ದ.

ಬಿಚ್ಚಿ ನೋಡಿದ್ವಿ. ಆಯಿಲ್ ಸಾಲದೆ ಪಿಸ್ಟನ್ ಹಿಡಿದಿದ್ರೆ ಉದ್ದಕ್ಕೆ ಆಳವಾದ ಗೀರು ಬೀಳ್ತಾವ, ಹೆಚ್ಚಾಗಿ ಸೈಲೆನ್ಸರ್ ಕಡೆಗೆ. ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಂಡಿರ್ತದ. ಇಲ್ಲಿ ಅದ್ಯಾವುದೂ ಇರಲಿಲ್ಲ. ಸುತ್ತಲೂ ಮಂಕು ಬೂದು ಬಣ್ಣ, ರಿಂಗಿನ ಅಂಚು ಬ್ಲೇಡಿನಷ್ಟು ಹರಿತ. ಇದು ಧೂಳು ಮಾಡಿದ ಕೆಲಸ.

ಸವೆತ ಎಷ್ಟು ಅಂತ ನೀವೇ ಅಳೀಬಹುದು. ರಿಂಗನ್ನ ಸಿಲಿಂಡರಿನ ತಳದಲ್ಲಿ, ಸವೆಯದ ಜಾಗದಲ್ಲಿ ನೇರ ಕೂಡಿಸಿ, ಅದರ ಬಾಯಿಯ ಸಂದು ಫೀಲರ್ ಗೇಜಿನಿಂದ ಅಳೀರಿ. ಆಮೇಲೆ ಮೇಲ್ಗಡೆ ಅಳೀರಿ. ಕೆಳಗೆ 0.30, ಮೇಲೆ 0.90 ಮಿ.ಮೀ. ಬಂತು ಅಂದ್ಕೊಳ್ರಿ. ವ್ಯತ್ಯಾಸ 0.60. ಅದನ್ನ 3.14ರಿಂದ ಭಾಗಿಸಿದ್ರೆ ಸುಮಾರು 0.19. ಅಷ್ಟು ಮಿ.ಮೀ. ಸಿಲಿಂಡರ್ ಅಗಲ ಆಗ್ಯದ.

ಇನ್ನು ಧೂಳು ಬಂದಿದ್ದು ಎಲ್ಲಿಂದ? ಏರ್ ಫಿಲ್ಟರ್ ದಾಟಿದ ಮೇಲಿನ ಗಾಳಿ ದಾರಿಯನ್ನ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಮಣ್ಣಾಯ್ತು. ಫಿಲ್ಟರ್ ಹೊಸದೇ, ಆದ್ರೆ ಸರಿಯಾಗಿ ಕೂತಿರಲಿಲ್ಲ. ಬೀದರಿನ ಕೆಂಪು ಧೂಳಾಗಲಿ, ಔರಾದಿನ ಎರೆಮಣ್ಣಾಗಲಿ, ಕೂದಲೆಳೆಯಷ್ಟು ಸಂದು ಸಿಕ್ರೆ ಸಾಕು. ಟೂ-ಸ್ಟ್ರೋಕಿನಲ್ಲಿ ಆ ಗಾಳಿ ಮೊದಲು ಕ್ರ್ಯಾಂಕ್ ಕಡೆ ಹೋಗಿ ಆಮೇಲೆ ಮೇಲೇರ್ತದ. ಅದಕ್ಕೇ ಬೇರಿಂಗುಗಳನ್ನೂ ನೋಡಲೇಬೇಕು.

ಪ್ರತಿ ಬೋರಿಂಗಿಗೂ ಗೋಡೆ ತೆಳ್ಳಗಾಗ್ತದ, ಪಿಸ್ಟನ್ ಒಂದು ಸೈಜ್ ದೊಡ್ಡದಾಗ್ತದ. ಕೊನೇ ಸೈಜ್ ಮುಗಿದ್ರೆ ಆ ಸಿಲಿಂಡರಿನ ಆಟವೂ ಮುಗೀತು. ಹಂಗಾಗಿ ಮೆಕ್ಯಾನಿಕ್‌ಗೆ ಮೊದಲು ಕೇಳ್ರಿ: ಯಾಕೆ ಸವೀತು? ಉತ್ತರ ಸಿಕ್ಕ ಮೇಲೆ ರೊಕ್ಕ ಬಿಚ್ಚರಿ.